ಬೈರಕೂರಿನಲ್ಲಿ ನೆಟ್ಟ ಪೈಪು

ಮುಳಬಾಗಿಲಿನ ಸುಂದರಾಬಾಯಿಯವರ ಮಗ ಕದಿರೇಶ ಬೆಂಗಳೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕರೆಂಟಿನ ಪಾಠ ಹೇಳುವ ಮೇಷ್ಟ್ರು. ಎಪ್ಪತ್ತಾರನೇ ಇಸವಿಯಲ್ಲಿ ಅವರಿಗೆ ನಲವತ್ತು ತುಂಬಿತು. ಆ ವರ್ಷದ ಜೂನ್ ತಿಂಗಳಲ್ಲಿ ಅವರು ಮೂರು ಊರುಗಳಲ್ಲಿ ಮೂರು ಕಬ್ಬಿಣದ ಪೈಪು ನೆಡಿಸಿದರು. ನಂಗಲಿಯಲ್ಲಿ ಒಂದು, ದೇವರಾಯಸಮುದ್ರದಲ್ಲಿ ಒಂದು, ಬೈರಕೂರಿನಲ್ಲಿ ಆವಲಪ್ಪನವರ ಹಿತ್ತಲಿನಲ್ಲಿ ಒಂದು. ಒಂದೊಂದೂ ಆರಡಿ ಉದ್ದ, ಮೈತುಂಬ ತೂತು. ಬಾಯಿ ಮಾತ್ರ ನೆಲದಿಂದ ಒಂದು ಗೇಣು ಮೇಲೆ.

ಪಂಪ್‌ಸೆಟ್ಟಿನ ಮೋಟಾರಿನಲ್ಲಿ ಕರೆಂಟು ಸೋರಿದರೆ ಅದು ಇಂಥ ಪೈಪಿನ ದಾರಿಯಲ್ಲಿ ಭೂಮಿಗೆ ಇಳಿಯಬೇಕು; ಹಳ್ಳಿಯವರು ಇದನ್ನು ಅರ್ತು ಎನ್ನುತ್ತಾರೆ. ಇಳಿಯದಿದ್ದರೆ ಮೋಟಾರು ಮುಟ್ಟಿದವನ ಮೈಯ ದಾರಿ ಹಿಡಿಯುತ್ತದೆ. ಒಣ ನೆಲದಲ್ಲಿ ಪೈಪು ಎಷ್ಟು ಆಳ ಹೋದರೆ ಸಾಕು ಎನ್ನುವುದೇ ಕದಿರೇಶರ ಸಂಶೋಧನೆ. ತಿಂಗಳ ಮೊದಲನೆಯ ಭಾನುವಾರ ಬೆಳಗಿನ ಬಸ್ಸಿಗೆ ಬಂದು, ಹಿಡಿ ತಿರುಗಿಸುವ ಒಂದು ಪೆಟ್ಟಿಗೆಯಿಂದ ಕರೆಂಟಿಗೆ ನೆಲ ಒಡ್ಡುವ ತಡೆಯನ್ನು ಅಳೆಯುತ್ತಿದ್ದರು. ಮುಳ್ಳು ತೋರಿಸುವ ಅಂಕಿ ಕಮ್ಮಿಯಾದಷ್ಟೂ ನೆಲ ಒಳ್ಳೆಯದು. ಈ ಕೆಲಸಕ್ಕೆ ಅವರು ಇನ್ನೊಬ್ಬರನ್ನು ಕಳಿಸಿದವರಲ್ಲ. ಜ್ವರ ಬಂದಿದ್ದಾಗಲೂ ಬಂದಿದ್ದರು.

ಬೇಸಿಗೆಯಲ್ಲಿ ನಂಗಲಿ, ದೇವರಾಯಸಮುದ್ರಗಳ ಅಂಕಿ ನಲವತ್ತರ ಹತ್ತಿರ ಏರುತ್ತಿತ್ತು. ಬೈರಕೂರಿನದು ಎಂಟನ್ನು ದಾಟಲಿಲ್ಲ. ಕದಿರೇಶರು ಹಿತ್ತಲಿನ ಪಕ್ಕದಲ್ಲಿ ಗುಂಡಿ ತೋಡಿಸಿ ನೋಡಿದರು. ಐದಡಿ ಕೆಳಗೆ ಒಂದು ಗೇಣಿನಷ್ಟು ಜೇಡಿಮಣ್ಣು ಸಿಕ್ಕಿತು. ಆ ಜೇಡಿಯೇ ನೀರು ಹಿಡಿದಿಟ್ಟುಕೊಳ್ಳುತ್ತದೆ, ಅದು ಇರುವ ಕಡೆಯಲ್ಲೆಲ್ಲ ಆರಡಿ ಪೈಪು ಸಾಕು ಎಂದು ಬರೆದರು. ಬರೆದದ್ದು ಅಚ್ಚಾಯಿತು, ಹೆಸರು ಬಂತು. ಎಂಬತ್ತರಲ್ಲಿ ವಿಭಾಗದ ಮುಖ್ಯಸ್ಥರಾದರು. ಅದೇ ಮಾತಿನ ಮೇಲೆ ಒಬ್ಬ ವಿದ್ಯಾರ್ಥಿ ಡಾಕ್ಟರೇಟಿಗೆ ಕೂತ. ಪಂಪ್‌ಸೆಟ್ಟುಗಳಿಗೆ ನಿಯಮ ಮಾಡುವ ಸಮಿತಿಯವರು ಇವರಿಂದಲೇ ವರದಿ ಬರೆಸಿಕೊಂಡರು. ಎಂಬತ್ಮೂರರ ಜೂನ್‌ನಲ್ಲಿ ವಿಶ್ವವಿದ್ಯಾಲಯಕ್ಕೆ ಸಂಶೋಧನಾ ನಿರ್ದೇಶಕರನ್ನು ಆರಿಸುವುದಿತ್ತು. ಎಲ್ಲರ ಬಾಯಲ್ಲೂ ಕದಿರೇಶರ ಹೆಸರೇ.

ಆ ವರ್ಷ ಏಪ್ರಿಲ್ ತಿಂಗಳ ಭಾನುವಾರ ನಂಗಲಿಯ ಈಚೆಗೆ ಬಸ್ಸು ಕೆಟ್ಟು ನಿಂತಿತು. ಯಾವಾಗಲೂ ಮಧ್ಯಾಹ್ನಕ್ಕೇ ಬೈರಕೂರು ಸೇರುತ್ತಿದ್ದವರು ಅಂದು ದೀಪ ಹಚ್ಚುವ ಹೊತ್ತಿಗೆ ಸೇರಿದರು. ಹಿತ್ತಲಿಗೆ ಹೋಗಿ ನೋಡಿದರೆ ಆವಲಪ್ಪನವರ ಹೆಂಡತಿ ದೊಡ್ಡಮುನಿಯಮ್ಮ ಪೈಪಿನ ಬಾಯಿಗೆ ಸೀಮೆಎಣ್ಣೆಯ ಆಲಿಕೆ ಇಟ್ಟು, ಬಿಂದಿಗೆಯಿಂದ ನೀರು ಹೊಯ್ಯುತ್ತಿದ್ದಳು. ಸುತ್ತ ಒಂದು ಹನಿಯೂ ಬಿದ್ದಿರಲಿಲ್ಲ.

ಇದು ಎಷ್ಟು ದಿನಕ್ಕೊಮ್ಮೆ ಎಂದು ಕದಿರೇಶರು ಕೇಳಿದರು.

"ದಿನಾಲೂ ಮೇಷ್ಟ್ರೇ. ಮಳೆ ಬಂದ ದಿನ ಇಲ್ಲ."

"ಯಾವಾಗಿನಿಂದ?"

"ನೀವು ನೆಟ್ಟ ತಿಂಗ್ಳಿಂದ್ಲೇ. ಅರ್ತು ಒಣಗಬಾರ್ದು, ಒಣಗಿದ್ರೆ ಯಾರಿಗಾನಾ ಹೊಡೀತದೆ ಅಂತ ಲೈನ್‌ಮ್ಯಾನು ಹೇಳಿದ್ದ. ಟ್ರಾನ್ಸ್‌ಫಾರ್ಮರ್ ಹತ್ರ ಅವ್ನು ಹೊಯ್ತಾನೆ, ಇದುಕ್ಕೆ ನಾನು."

ಜಗಲಿಯ ಮೇಲಿಂದ ಆವಲಪ್ಪ, "ನಂಗೆ ಒಂದು ಚೆಂಬು ನೀರು ಕೊಡೇ ಅಂದ್ರೆ ಮೂರು ಸಲ ಕೂಗ್ಬೇಕು, ಮೇಷ್ಟ್ರ ಪೈಪಿಗಾದ್ರೆ ಕೂಗೋದೇ ಬೇಡ" ಎಂದರು.

ಕದಿರೇಶರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. ಏಳು ವರ್ಷಕ್ಕೆ ಒಂದು ತಿಂಗಳು ಕಮ್ಮಿ, ಎಂಬತ್ಮೂರು ಸಲ ಅಳೆದಿದ್ದರು. ಹೆಂಗಸಿನ ಮೇಲೆ ಕೋಪ ಮಾಡಿಕೊಳ್ಳಲು ಅವರಿಗೆ ಕಾರಣ ಕಾಣಲಿಲ್ಲ. ನಿಜವಾದ ಅರ್ತಿಗೆ ಮಾಡಬೇಕಾದದ್ದನ್ನೇ ಅವಳು ಮಾಡಿದ್ದಳು. ಇನ್ನು ಒಂದು ತಿಂಗಳು ಹೊಯ್ಯಬೇಡಿ ಎಂದಷ್ಟೇ ಹೇಳಿದರು.

"ಅಷ್ಟರೊಳಗೆ ಯಾರಿಗಾನಾ ಹೊಡುದ್ರೆ?"

"ಈ ಪೈಪಿಗೆ ವೈರೇ ಇಲ್ಲ ಕಣಮ್ಮ. ಯಾವ ಮೋಟಾರಿಗೂ ಸೇರಿಲ್ಲ."

"ಮತ್ಯಾಕೆ ನೆಟ್ರಿ?"

ಒಣ ನೆಲ ಹೇಗಿರುತ್ತದೆಂದು ನೋಡಲು ನೆಟ್ಟದ್ದು ಎಂದು ಅವರು ವಿವರಿಸಿದರು. ದೊಡ್ಡಮುನಿಯಮ್ಮ ಪೂರ್ತಿ ಕೇಳಿಸಿಕೊಂಡಳು.

"ಈ ಮಾತು ಅವತ್ತೇ ಹೇಳಿದ್ರೆ ನನ್ನ ಸೊಂಟ ಉಳೀತಿತ್ತಲ್ಲ ಸಾಮಿ" ಎಂದು ಬಿಂದಿಗೆ ಎತ್ತಿಕೊಂಡು ಒಳಗೆ ಹೋದಳು.

ಮೇ ತಿಂಗಳಲ್ಲಿ ಬಂದು ಅಳೆದರು. ಮೂವತ್ತೆಂಟು. ಮುಳ್ಳು ಸಿಕ್ಕಿಕೊಂಡಿದೆಯೋ ಎಂದು ಮೂರು ಸಲ ತಿರುಗಿಸಿದರು. ಮೂರು ಸಲವೂ ಅದೇ.

ಬೆಂಗಳೂರಿಗೆ ಹಿಂದಿರುಗಿ ಜೊತೆಯ ಒಬ್ಬ ಪ್ರೊಫೆಸರಿಗೆ ವಿಷಯ ಹೇಳಿದರು. ಅವರು ಕೆಟ್ಟವರಲ್ಲ. ಸಮಿತಿಯ ವರದಿ ಇನ್ನೂ ಅಚ್ಚಿಗೆ ಹೋಗಿಲ್ಲ, ಸಂಸ್ಕರಿಸಿದ ನೆಲ ಎಂದು ಒಂದು ಮಾತು ಸೇರಿಸಿದರೆ ಸುಳ್ಳೂ ಆಗುವುದಿಲ್ಲ, ಜೂನ್ ಕಳೆಯಲಿ ಎಂದರು. ಕದಿರೇಶರು ಎರಡು ದಿನ ಅದನ್ನೇ ಯೋಚಿಸಿದರು. ಸೇರಿಸಿದರೆ ಓದುವವರು ಆ ಮಾತಿನ ಮೇಲೆ ಹಾದುಹೋಗಿ ಆರಡಿ ಎಂಬ ಅಂಕಿಯಲ್ಲಿ ನಿಲ್ಲುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಪ್ರತಿ ಮೋಟಾರಿನ ಪಕ್ಕದಲ್ಲಿ ಒಬ್ಬ ದೊಡ್ಡಮುನಿಯಮ್ಮ ಇರುವುದಿಲ್ಲ. ಮೂರನೆಯ ದಿನ ಸಮಿತಿಗೆ ಕಾಗದ ಬರೆದು ವರದಿ ಹಿಂದಕ್ಕೆ ಕೇಳಿದರು. ವಿಶ್ವವಿದ್ಯಾಲಯಕ್ಕೂ ಒಂದು ಪ್ರತಿ ಕಳಿಸಿದರು.

ಜೂನ್‌ನಲ್ಲಿ ಆಯ್ಕೆಯವರ ಮುಂದೆ ಕೂತಾಗ ಒಬ್ಬ ಹಿರಿಯರು, ಏಳು ವರ್ಷ ಹೋಗಿ ಬಂದವರಿಗೆ ಇದು ಕಾಣಲಿಲ್ಲವೇ ಎಂದು ಕೇಳಿದರು.

"ಆ ಮನೇಲಿ ಎಂಬತ್ಮೂರು ಸಲ ಊಟ ಮಾಡಿದೀನಿ" ಎಂದರು ಕದಿರೇಶರು. "ಸಾರು ಚೆನ್ನಾಗಿದೆ ಅಂದಿದೀನಿ. ಬೇರೆ ಏನೂ ಕೇಳ್ಲಿಲ್ಲ."

ಕೆಲಸ ಇನ್ನೊಬ್ಬರಿಗೆ ಹೋಯಿತು. ಜೇಡಿಯನ್ನು ನಂಬಿ ಬರೆಯುತ್ತಿದ್ದ ವಿದ್ಯಾರ್ಥಿಯ ಎರಡು ಅಧ್ಯಾಯ ವ್ಯರ್ಥವಾದವು. ಅವನು ಬೇರೆ ಮೇಷ್ಟ್ರನ್ನು ಹುಡುಕಿಕೊಂಡು ಹೋದ.

ಜುಲೈನಲ್ಲಿ ಕದಿರೇಶರು ಹತ್ತಡಿಯ ಎರಡು ಪೈಪು ತಂದರು. ಒಂದನ್ನು ಹಿತ್ತಲಿನಲ್ಲಿ ಇಳಿಸುವಾಗ ದೊಡ್ಡಮುನಿಯಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತು, "ಇದುಕ್ಕೆ ಹೊಯ್ಬೇಕಾ, ಬೇಡ್ವಾ? ಮೊದ್ಲೇ ಹೇಳ್ಬಿಡಿ" ಎಂದಳು. ಇದಕ್ಕೆ ದಿನವೂ ಒಂದು ಬಿಂದಿಗೆ, ಮಾವಿನ ತೋಪಿನಲ್ಲಿ ನೆಡುವ ಇನ್ನೊಂದಕ್ಕೆ ಒಂದು ಹನಿಯೂ ಬೇಡ ಎಂದರು. ಅವಳು ಆಗಲಿ ಎಂದಳು. ತೋಪಿನ ಪೈಪಿನ ಬಾಯಿಗೆ ತಾನೇ ಬಟ್ಟೆ ಕಟ್ಟಿದಳು, ಇಬ್ಬನಿಯೂ ಇಳಿಯಬಾರದೆಂದು.

ಮೂರು ವರ್ಷ ಅಳೆದ ಮೇಲೆ ಹೊಸ ವರದಿ ಹೋಯಿತು. ಹತ್ತಡಿ ಪೈಪು, ಬೇಸಿಗೆಯಲ್ಲಿ ದಿನಕ್ಕೊಂದು ಬಿಂದಿಗೆ ನೀರು ಎಂದು ಅದರಲ್ಲಿತ್ತು. ಎಂಬತ್ತೇಳರಲ್ಲಿ ಕದಿರೇಶರು ನಿರ್ದೇಶಕರಾದರು. ಬಿಟ್ಟುಹೋಗಿದ್ದ ವಿದ್ಯಾರ್ಥಿ ಆಗ ಅಲ್ಲೇ ಲೆಕ್ಚರರು. ಅವನು ಕಾಗದಗಳಿಗೆ ರುಜು ಹಾಕಿಸಿಕೊಳ್ಳಲು ಬರುತ್ತಿದ್ದ, ಇವರು ಹಾಕಿ ಕೊಡುತ್ತಿದ್ದರು. ಕೂತುಕೋ ಎಂದು ಎಷ್ಟು ಸಲ ಹೇಳಿದರೂ ಅವನು ಕೂರಲಿಲ್ಲ.