ಹಸ್ನಾ ಚಿಕ್ಕಮ್ಮನ ದನಿ ಹಿಡಿದದ್ದು

ಇರಾಕಿನ ಬಸ್ರಾದ ಮೀನು ಮಾರುಕಟ್ಟೆಯಲ್ಲಿ ಹಸ್ನಾ ಚಿಕ್ಕಮ್ಮನ ಬಾಯಿಗೆ ಹೆದರದವರಿರಲಿಲ್ಲ. ಅವಳು ಮೀನಿನ ಹೆಸರು ಹಿಡಿದು ಕೂಗಿದರೆ ಸಂದಿಯಾಚೆ ನನ್ನ ಲ್ಯಾಪ್‌ಟಾಪ್ ರಿಪೇರಿ ಅಂಗಡಿಯಲ್ಲಿ ನಾನು ಬೆಚ್ಚಿ ಸ್ಕ್ರೂ ಬೀಳಿಸುತ್ತಿದ್ದೆ. ನನಗೇನೂ ಸಂಬಂಧಿಯಲ್ಲ, ಇಡೀ ಬೀದಿಗೇ ಅವಳು ಚಿಕ್ಕಮ್ಮ. ಆ ಗಂಟಲಿಗೇ ಗಡ್ಡೆ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ನಾಳೆಯೇ ಬಂದು ಸೇರಿ ಎಂದರಂತೆ ಡಾಕ್ಟರು.

ಆ ಮಧ್ಯಾಹ್ನ ಅವಳು ಗಂಡ ದಖೀಲನ ಕೈಯಲ್ಲಿ ತಂಗಿಮಗಳ ಲ್ಯಾಪ್‌ಟಾಪ್ ಹೊರಿಸಿಕೊಂಡು ಬಂದಳು. ಮುಖದಲ್ಲಿ ಅಳುವೂ ಇಲ್ಲ, ಭಯವೂ ಇಲ್ಲ.

"ಇದ್ರಲ್ಲಿ ನನ್ ದನಿ ಹಿಡಿಬೇಕು ಮಗಾ. ಫೋನಲ್ಲಿ ಹಿಡಿದ್ರೆ ಕೊಡದೊಳಗಿಂದ ಮಾತಾಡ್ದಂಗಿರುತ್ತೆ. ಈ ಹಾಳಾದ್ದು ನೋಡಿದ್ರೆ ನನಗಿಂತ ಜೋರಾಗಿ ಕೂಗುತ್ತೆ."

ಕೂಗುತ್ತಿದ್ದದ್ದು ಒಳಗಿನ ಫ್ಯಾನು. ನಮ್ಮೂರ ಬೇಸಿಗೆಯಲ್ಲಿ ಅದು ಪಾಪ ಇನ್ನೇನು ಮಾಡೀತು! ಧೂಳು ತೆಗೆದೆ. ಜಗ್ಗಲಿಲ್ಲ.

"ಇದರ ಪ್ರೊಸೆಸರ್‌ಗೆ ಹೋಗೋ ವೋಲ್ಟೇಜನ್ನೇ ಒಂಚೂರು ಇಳಿಸ್ತೀನಿ. ಕಾಯೋದು ಕಮ್ಮಿಯಾದ್ರೆ ಫ್ಯಾನೂ ಸುಮ್ನಾಗುತ್ತೆ."

"ಇಳಿಸಿದ್ರೆ ಕೆಲಸ ಮಾಡುತ್ತಾ?"

"ಮಾಡುತ್ತೆ. ತೀರಾ ಇಳಿಸಿದ್ರೆ ಮಾತ್ರ ಮೂರ್ಛೆ ಹೋಗುತ್ತೆ."

"ನನಗೂ ಹಂಗೇ ಒಂಚೂರು ಇಳಿಸಿ ಕಳಿಸಪ್ಪಾ ಆಸ್ಪತ್ರೆಗೆ."

ದಖೀಲ ನಗಲಿಲ್ಲ. ನಾನೂ ನಗಲಿಲ್ಲ.

ಇಳಿಸುತ್ತ ಹೋದೆ. ಒಮ್ಮೆ ಯಂತ್ರ ಸ್ತಬ್ಧವಾಯಿತು. ಮತ್ತೆ ಎಬ್ಬಿಸಿ ಕೊಂಚ ಏರಿಸಿದೆ, ಕೆಡದೆ ಓಡತೊಡಗಿತು. ಶಟರ್ ಎಳೆದು ಏಸಿ ಆರಿಸಿದೆ. ಬೆವರು ಕಣ್ಣಿಗಿಳಿಯುತ್ತಿತ್ತು. ಫ್ಯಾನಿನ ಸದ್ದು ಅಡಗಿತು.

ದೇವರ ವಚನ ಓದುತ್ತಾಳೆ, ಇಲ್ಲವೇ ಮೊಮ್ಮಕ್ಕಳಿಗೆ ಏನಾದರೂ ಹೇಳುತ್ತಾಳೆ ಎಂದುಕೊಂಡಿದ್ದೆ. ನಾನು ರೆಕಾರ್ಡಿಂಗ್ ಒತ್ತಿದೆ. ಅವಳು ಮುಂದಕ್ಕೆ ಬಾಗಿ ಒಮ್ಮೆಲೇ ಕೂಗಿದಳು: "ದಖೀಲ್! ಏಯ್ ದಖೀಲ್! ಚಹಾ ಆರ್ತಿದೆ, ಬಂದು ಕುಡೀತೀಯೋ, ಚೆಲ್ಲಲೋ?"

"ಅಷ್ಟೇನಾ ಚಿಕ್ಕಮ್ಮಾ?"

"ಇನ್ನೇನು ಮತ್ತೆ? ಇವನು ಜನ್ಮದಲ್ಲಿ ಕಿವಿಗೆ ಹಾಕ್ಕೊಂಡಿರೋದು ಇದೊಂದೇ ಮಾತು."

ಅಳು ಬರಬೇಕಿತ್ತು ನನಗೆ. ಬರಲಿಲ್ಲ. ರೆಕಾರ್ಡಿಂಗ್ ನಿಲ್ಲಿಸಿ ಉಳಿಸಿಟ್ಟೆ. ಆಸ್ಪತ್ರೆಯಿಂದ ಬಂದಮೇಲೆ ಒಯ್ಯುತ್ತೇವೆಂದು ಲ್ಯಾಪ್‌ಟಾಪನ್ನು ನನ್ನ ಹತ್ತಿರವೇ ಬಿಟ್ಟು ಹೋದರು.

ಆಪರೇಷನ್ ಆಗಿ ವಾರಗಳ ಮೇಲೆ ಇಬ್ಬರೂ ಬಂದರು. ಅವಳ ಕುತ್ತಿಗೆಗೆ ಬಟ್ಟೆ ಸುತ್ತಿತ್ತು. ಹೇಗಿದ್ದೀಯ ಎಂದರೆ ಕೈ ತಿರುವಿದಳು, ಅಷ್ಟೇ. ದಖೀಲ ಬಾಗಿಲಲ್ಲಿ ಬೀದಿಯ ಕಡೆ ಮುಖಮಾಡಿ ಸಿಗರೇಟು ಸೇದುತ್ತಿದ್ದ. ಸರಿಯಾಗಿದೆಯೋ ನೋಡೋಣವೆಂದು ನಾನು ಅಂದು ಹಿಡಿದಿಟ್ಟ ದನಿ ಹಾಕಿದೆ.

"ದಖೀಲ್! ಏಯ್ ದಖೀಲ್!"

"ಬಂದೆ ಕಣೇ, ಬಂದೆ!" ಎಂದು ಸಿಗರೇಟು ಎಸೆದು ಓಡಿಬಂದವನು ನೇರ ಲ್ಯಾಪ್‌ಟಾಪಿನ ಮುಂದೆ ಬಗ್ಗಿದ. ಪಕ್ಕದಲ್ಲೇ ನಿಂತಿದ್ದ ಚಿಕ್ಕಮ್ಮ ಅವನ ಅಂಗಿಯ ತೋಳು ಹಿಡಿದೆಳೆದಳು.

ಅವನು ತಿರುಗಿಯೂ ನೋಡಲಿಲ್ಲ.

"ತಡಿ ಮಾರಾಯ್ತಿ," ಎಂದ, "ಹಸ್ನಾ ಕರೀತಿದ್ದಾಳೆ."

ಅವಳು ತೋಳು ಬಿಟ್ಟಳು.