ಲಿಫ್ಟರನ ಮೊಣಕಾಲು

ಇದು ನಡೆದದ್ದು 2004ರಲ್ಲೋ 2005ರಲ್ಲೋ ಎಂಬುದೇ ನನಗೆ ಖಚಿತವಿಲ್ಲ. ಆ ವರ್ಷ ರಮ್ಜಾನ್ ಮುಗಿದದ್ದು ನವೆಂಬರಿನಲ್ಲಿ ಎಂಬ ಆಧಾರ ಹಿಡಿದು ಹುಡುಕಿದರೆ, ಎರಡೂ ವರ್ಷ ಅದು ನವೆಂಬರಿನಲ್ಲೇ ಮುಗಿದಿದೆ. ನಮ್ಮ ವಾಲಿಬಾಲ್ ತಂಡದ ಲಿಫ್ಟರ್ ಆಡಲೇ ಎಂದು ಕೇಳಿದಾಗ ನಾನು ಏನು ಹೇಳಿದೆ ಎಂಬುದಕ್ಕೂ ನನ್ನ ಬಳಿ ಎರಡು ಚಿತ್ರಗಳಿವೆ. ಒಂದರಲ್ಲಿ ಬೇಡ ಎನ್ನುತ್ತೇನೆ, ಇನ್ನೊಂದರಲ್ಲಿ ಸುಮ್ಮನಿರುತ್ತೇನೆ. ಎರಡೂ ಒಂದೇ ಸಮ ಸ್ಪಷ್ಟವಾಗಿರುವುದರಿಂದ ಎರಡನ್ನೂ ನಂಬುವುದು ಕಷ್ಟ.

ನಾನಾಗ ದೋಹಾದ ಅಲ್ ಮುಂತಜಾದಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿ ಇನ್ನಿಬ್ಬರೊಂದಿಗೆ ಇದ್ದೆ. ಕೆಲಸ ಡಾಕ್ಯುಮೆಂಟ್ ಕಂಟ್ರೋಲರ್. ಅಂದರೆ ನಕ್ಷೆ, ಪತ್ರಗಳ ಮೇಲಿನ ತಾರೀಖು ಸರಿಯಾಗಿದೆಯೇ ಎಂದು ದಿನವಿಡೀ ನೋಡುವುದು. ಊರಲ್ಲಿ ಎರಡು ವರ್ಷ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದ್ದೆ. ಅಷ್ಟಕ್ಕೇ ನಮ್ಮ ವಾಲಿಬಾಲ್ ತಂಡಕ್ಕೆ ನಾನು 'ಮಾಷ್ಟ್ರು'. ಆಡಲು ಬರುತ್ತಿರಲಿಲ್ಲ. ಫಾರಂ ತುಂಬುವುದು, ಇಂಗ್ಲಿಷ್ ಓದಿ ಹೇಳುವುದು ನನ್ನ ಪಾಲು.

ತಂಡವೆಂದರೆ ನಿಜವಾಗಿ ಒಬ್ಬನೇ, ನಮ್ಮ ಲಿಫ್ಟರ್. ಹೊಡೆಯುವವರ ಕೈಗೆ ಹದವಾಗಿ ಚೆಂಡು ಎತ್ತಿಕೊಡುವವನು. ಸುರತ್ಕಲ್ ಕಡೆಯವನು, ವಾರಕ್ಕೆ ಆರು ದಿನ ರಾಸ್ ಲಫ್ಫಾನಿನ ಗ್ಯಾಸ್ ಸ್ಥಾವರದಲ್ಲಿ ಕಬ್ಬಿಣದ ಅಟ್ಟಣಿಗೆ ಕಟ್ಟುತ್ತಿದ್ದ, ಅಲ್ ಖೋರ್‌ನ ಕಂಪೆನಿ ಕ್ಯಾಂಪಿನಲ್ಲಿ ಮಲಗುತ್ತಿದ್ದ. ಶುಕ್ರವಾರ ಬೆಳಿಗ್ಗೆ ಯಾರದಾದರೂ ಪಿಕಪ್ ಹತ್ತಿ ಬರುತ್ತಿದ್ದ. ಅವನಿಲ್ಲದ ದಿನ ನಮ್ಮವರು ಹೊಡೆದ ಚೆಂಡು ನೆಟ್ಟಿಗೇ ಬೀಳುತ್ತಿತ್ತು.

ಈದ್ ಕಳೆದ ವಾರ, ಪಂದ್ಯಾಟದ ಸೆಮಿಫೈನಲ್ ನಾವು ಗೆಲ್ಲುವ ಹೊತ್ತಿಗೆ ಅವನು ಹಾರಿ ಇಳಿಯುವಾಗ ಎದುರಾಳಿಯ ಪಾದದ ಮೇಲೆ ಕಾಲಿಟ್ಟ. ಮೊಣಕಾಲು ತಿರುಚಿತು, ಸಂಜೆಗೆ ಊದಿಕೊಂಡಿತು. ಕ್ಯಾಂಪಿನ ಬಳಿಯ ಕ್ಲಿನಿಕ್ಕಿನಲ್ಲಿ ಡಾಕ್ಟರು ಚೀಟಿ ಬರೆದುಕೊಟ್ಟರು. ಅದನ್ನವನು ನನ್ನ ಕೈಗಿಟ್ಟ. ಮೊಣಕಾಲಿನ ಲಿಗಮೆಂಟಿಗೆ ಪೆಟ್ಟು ಎಂದಿತ್ತು. ಕೆಳಗೆ ರೆಸ್ಟ್ ಎಂದು ಬರೆದು, ಪಕ್ಕದಲ್ಲಿ 2/12.

"ಡಿಸೆಂಬರ್ ಎರಡರ ತನಕ ರೆಸ್ಟ್," ಎಂದು ನಾನು ಓದಿದೆ. ಇದರಲ್ಲಿ ಅನುಮಾನವಿಲ್ಲ. ಇದನ್ನು ನಾನೇ ಹೇಳಿದ್ದು.

ಅವನ ಕಂಪೆನಿಯೂ ಹಾಗೆಯೇ ಓದಿಕೊಂಡಿತು. ಮೂರನೆಯ ತಾರೀಖಿಗೆ ಕೆಲಸಕ್ಕೆ ಕರೆದು, ಸ್ಟೋರಿನಲ್ಲಿ ಬೋಲ್ಟು ಎಣಿಸಲು ಕೂರಿಸಿತು. ಫೈನಲ್ ಇದ್ದದ್ದು ಆ ಮುಂದಿನ ಶುಕ್ರವಾರ. ಗುರುವಾರ ಸಂಜೆ ಮುಂತಜಾದ ಗಲ್ಲಿಯಲ್ಲಿ, ನಮ್ಮ ಕ್ಯಾಪ್ಟನ್ನರ ಅಂಗಡಿಯಲ್ಲಿ ಸೇರಿದೆವು. ಉಳ್ಳಾಲದ ಬ್ಯಾರಿ ಅವರು. ಕಾರಿನ ಸೀಟ್ ಕವರ್ ಮಾರುತ್ತಿದ್ದರು, ಎಲ್ಲರಿಗೂ ಕಾಕ.

"ಲಿಫ್ಟರ್ ಹಾರುದು ಎಲ್ಲುಂಟು ಮಾಷ್ಟ್ರೆ?" ಎಂದರು ಕಾಕ. "ನಿಂತಲ್ಲೇ ಎತ್ತಿ ಕೊಡ್ಲಿ. ಓಡ್ಲಿಕ್ಕೆ ಬಾಕಿ ಐದು ಕತ್ತೆಗಳಿದ್ದಾವಲ್ಲ."

"ಕಾಲು ಇನ್ನೂ ಊದಿದೆ ಕಾಕ," ಎಂದೆ.

"ಅದು ಊದಿದ್ದಲ್ಲ, ಸ್ಟೋರಲ್ಲಿ ಕೂತು ದಪ್ಪ ಆದದ್ದು." ಎಲ್ಲರೂ ನಕ್ಕರು. ಅವನೂ ನಕ್ಕ.

ಆಮೇಲೆ ಅವನು ನನ್ನ ಕಡೆ ತಿರುಗಿದ. "ಡ್ಯೂಟಿಗೆ ಆಗ್ತದೆ ಅಂತ ಕಂಪೆನಿಯೇ ಹೇಳಿದೆ. ಆಟಕ್ಕೆ ಆಗುದಿಲ್ವಾ ಮಾಷ್ಟ್ರೆ? ಚೀಟಿ ಓದಿದ್ದು ನೀವೇ ಅಲ್ವಾ, ಹೇಳಿ. ಆಡ್ಲಾ ಬೇಡ್ವಾ?"

ಆ ಕಾಲು ಹೋದರೆ ಅವನು ಅಟ್ಟಣಿಗೆ ಹತ್ತುವಂತಿರಲಿಲ್ಲ. ಹತ್ತಲಾಗದವನನ್ನು ಕಂಪೆನಿ ವಿಮಾನ ಹತ್ತಿಸುತ್ತದೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನನ್ನ ಎರಡು ಚಿತ್ರಗಳು ಕವಲೊಡೆಯುವುದು ಇಲ್ಲಿಯೇ. "ಇನ್ನೆರಡು ವಾರ ಹೋಗಲಿ ಮಾರಾಯ" ಎಂದೆನೆಂದು ಬಹಳ ವರ್ಷ ನಂಬಿಕೊಂಡಿದ್ದೆ.

ಅವನು ಆಡಿದ. ಮೊದಲ ಸೆಟ್ ಗೆದ್ದೆವು, ಎರಡನೆಯದು ಸೋತೆವು. ಮೂರನೆಯದರಲ್ಲಿ ಚೆಂಡು ಅವನ ತಲೆಯ ಮೇಲಿಂದ ಹಿಂದಕ್ಕೆ ಹೋಯಿತು. ಓಡಬೇಡ ಎಂದು ಹೇಳಿದ್ದನ್ನು ಮರೆತು ಓಡಿದ, ತಿರುಗಿದ, ಮರಳಿನ ಮೇಲೆ ಕುಳಿತುಬಿಟ್ಟ. 'ಟಕ್' ಎಂಬ ಸದ್ದು ಕೇಳಿದ ನೆನಪಿದೆ. ಆದರೆ ನಾನಿದ್ದದ್ದು ಅಂಕಣದ ಆಚೆ ಬದಿಯಲ್ಲಿ, ಸುತ್ತ ಇನ್ನೂರು ಜನರ ಬೊಬ್ಬೆ. ಕೇಳಿಸಿರಲಾರದು.

ಆಸ್ಪತ್ರೆಯಲ್ಲಿ ಕುಂದಾಪುರ ಕಡೆಯ ನರ್ಸ್ ಒಬ್ಬರಿದ್ದರು. ಹಳೆಯ ಚೀಟಿ ನೋಡಿ ನನ್ನನ್ನು ಪಕ್ಕಕ್ಕೆ ಕರೆದರು.

"ಅಣ್ಣಾ, ಇದು ಡೇಟ್ ಅಲ್ಲ. ಎರಡು ತಿಂಗಳು. ಹನ್ನೆರಡು ತಿಂಗಳಲ್ಲಿ ಎರಡು. ವಾರ ಆದ್ರೆ ಕೆಳಗೆ ಐವತ್ತೆರಡು ಬರೀತಾರೆ. ಡಾಕ್ಟ್ರು ಬಾಯಲ್ಲಿ ಹೇಳಿಲ್ವಾ?"

ಹಾಸಿಗೆಯಿಂದಲೇ ಅವನು ಉತ್ತರಿಸಿದ. "ಹೇಳಿದ್ರು ಕಾಣ್ತದೆ ಅಕ್ಕ. ಅರ್ಬಿ ಬೆರೆಸಿದ ಇಂಗ್ಲಿಷು. ಕೊನೆಗೆ ಖಲಾಸ್ ಅಂದ್ರು. ನಾನು ಮುಗೀತು ಅಂತ ಎದ್ದು ಬಂದೆ."

ಆ ಖಲಾಸ್ ಮಾತು ಮುಗಿಯಿತು ಎಂದೋ, ಆಟ ಮುಗಿಯಿತು ಎಂದೋ, ಈಗ ಯಾರನ್ನು ಕೇಳುವುದು? ನಾಲ್ಕೂವರೆ ತಿಂಗಳಿಗೋ ಐದಕ್ಕೋ ಕಂಪೆನಿ ಅವನನ್ನು ಊರಿಗೆ ಕಳಿಸಿತು. ವಿಮಾನ ನಿಲ್ದಾಣಕ್ಕೆ ನಾನು ಹೋಗಿದ್ದೆ. ಟ್ರಾಲಿಯನ್ನು ಊರುಗೋಲಿನಂತೆ ಹಿಡಿದು ನಡೆದ.

ಸುಮಾರು ವರ್ಷಗಳ ಮೇಲೆ, ನಾನೂ ಊರಿಗೆ ಮರಳಿದ ನಂತರ, ಫೋನಿನಲ್ಲಿ ಕಾಕ ಮಾತಿನ ನಡುವೆ ಅಂದರು, "ಆಡ್ಲಿ ಅಂದದ್ದು ನೀವೇ ಅಲ್ವಾ ಮಾಷ್ಟ್ರೆ, ತಾರೀಖು ದಾಟಿದೆ ಅಂತ." ಇಲ್ಲ ಎಂದೆ. "ಇರ್ಲಿ ಬಿಡಿ, ನಂಗೂ ವಯಸ್ಸಾಯ್ತು," ಎಂದರು. ಲಿಫ್ಟರನನ್ನೇ ಕೇಳಿದೆ. ಈಗ ಅವನಿಗೆ ಟೈಲ್ಸ್ ಅಂಗಡಿಯೊಂದರಲ್ಲಿ ಕುಳಿತು ಮಾಡುವ ಕೆಲಸ. "ಯಾರು ಬೇಡ ಅಂದಿದ್ರೂ ಆಡ್ತಿದ್ದೆ ಮಾಷ್ಟ್ರೆ, ಅದನ್ನೆಲ್ಲ ಎಂತಕ್ಕೆ ಕೆದಕುದು," ಎಂದ. ಅದು ಔದಾರ್ಯವಿರಬಹುದು, ಉತ್ತರವಲ್ಲ.

ಕೊನೆಗೆ ಪಂದ್ಯಾಟ ನಡೆಸಿದವರಲ್ಲಿ ಒಬ್ಬರನ್ನು ಹುಡುಕಿ, ಆ ದಿನದ ಆಟಗಾರರ ಪಟ್ಟಿಯ ಪ್ರತಿ ತರಿಸಿಕೊಂಡೆ. ಅಂಕಣಕ್ಕೆ ಇಳಿಯುವ ಆರು ಮಂದಿಯ ಹೆಸರುಗಳಲ್ಲಿ ಮೊದಲನೆಯದು ಅವನದು. ಎದುರಿಗೆ ಷರಾ ಬರೆಯುವ ಜಾಗದಲ್ಲಿ 'ಫಿಟ್' ಎಂದಿದೆ. ಅಕ್ಷರ ನನ್ನದೇ.