ಸಿನಿಮಾಕ್ಕೆ ಮಾತು ಎತ್ತಿಕೊಟ್ಟ ಅಜ್ಜ

ಮೊನ್ನೆ ಕೆಮ್ಮು ಬಿಡಲಿಲ್ಲವೆಂದು ಗ್ರಂಧಿಗೆ ಅಂಗಡಿಯಿಂದ ಜ್ಯೇಷ್ಠಮಧು ತರಿಸಿ ಒಂದು ಕಡ್ಡಿ ಬಾಯಿಗಿಟ್ಟುಕೊಂಡೆ. ಗಂಟಲಿಗೆ ಏನು ಉಪಕಾರವಾಯಿತೋ ಕಾಣೆ, ಆ ವಾಸನೆಗೆ ಹರಿಹರದ ನಮ್ಮ ಪಕ್ಕದ ಮನೆಯ ಜಗಲಿ ಕಣ್ಣೆದುರು ಬಂತು. ಅಲ್ಲಿ ಕೂತು ದಿನವಿಡೀ ಇದನ್ನೇ ಜಗಿಯುತ್ತಿದ್ದ ಪ್ರಾಂಪ್ಟರ್ ಅಜ್ಜನೂ ಬಂದರು…

ನಾಟಕ ಕಂಪನಿಯಲ್ಲಿ ಮೂವತ್ತು ವರ್ಷ ರಂಗದ ಮಗ್ಗುಲಲ್ಲಿ ಮರೆಯಾಗಿ ನಿಂತು, ಮಾತು ಮರೆತ ನಟರಿಗೆ ಸಾಲು ಎತ್ತಿಕೊಟ್ಟವರು ಅವರು. ಆ ಪಿಸುಮಾತು ನಟನ ಕಿವಿಗೆ ಬೀಳಬೇಕು, ಮುಂದಿನ ಕುರ್ಚಿಯ ಸಾಹುಕಾರರಿಗೆ ಕೇಳಬಾರದು. ಈ ವಿದ್ಯೆಗಾಗಿ ಗಂಟಲನ್ನು ಗವಾಯಿಗಳಿಗಿಂತ ಹೆಚ್ಚು ಜೋಪಾನ ಮಾಡಿಕೊಂಡಿದ್ದರು. ಯಾವ ಪ್ರೇಕ್ಷಕನೂ ಅವರ ಮುಖ ನೋಡಿರಲಿಲ್ಲ. ಅದೇ ಅವರ ಕೀರ್ತಿ.

ನಾನಾಗ ಹರಿಹರದ ಹೈಸ್ಕೂಲೊಂದರಲ್ಲಿ ಹೊಸ ಮೇಷ್ಟ್ರು. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಕಲೆಯ ಬಗ್ಗೆ ನನ್ನ ಅಭಿಪ್ರಾಯಗಳು ಮಾತ್ರ ಆಗಲೇ ಖಾಯಂ ಆಗಿದ್ದವು.

ಅರವತ್ತರ ದಶಕದ ಆರಂಭವಿರಬೇಕು. ಅಜ್ಜನ ಕಂಪನಿ ಊರೂರಲ್ಲಿ ಆಡಿ, ಒಲೆ ಮುಂದಿನ ಹೆಂಗಸರಿಗೂ ಬಾಯಿಪಾಠವಾಗಿದ್ದ ನಾಟಕ ಸಿನಿಮಾ ಆಗಿ ದಾವಣಗೆರೆಗೆ ಬಂತು. ಬಂದ ವಾರವೇ ಊರು ಎರಡು ಪಕ್ಷವಾಯಿತು. ಸಿನಿಮಾದವರು ಮಾತನ್ನೆಲ್ಲ ನುಂಗಿ ನೀರು ಕುಡಿದಿದ್ದಾರೆ, ಒಂದು ಹನಿ ಕಣ್ಣೀರೂ ಬರಲಿಲ್ಲ ಎಂದು ಮಂಡಿಪೇಟೆಯ ಹಿರಿಯರು ದೂರಿದರು. ಮೌನವೇ ಕಲೆ ಎಂದು ಕಾಲೇಜಿನವರು ಮಂಡಕ್ಕಿ ಮಿರ್ಚಿ ಅಂಗಡಿಯ ಮುಂದೆ ಕೂಗಾಡಿ ಹೇಳಿದರು. ನಾನು ಮೌನದ ಪಕ್ಷ. ದಾವಣಗೆರೆಯಿಂದ ಓಡಾಡುತ್ತಿದ್ದ ನಮ್ಮ ಹೆಡ್ ಮೇಷ್ಟ್ರೂ ಅದೇ ಪಕ್ಷ. ನನ್ನನ್ನು ಖಾಯಂ ಮಾಡುವ ಕಾಗದ ಅವರ ಸಹಿಗೆ ಕಾದಿತ್ತು. ನನ್ನ ಅಭಿರುಚಿಯನ್ನು ಅವರು ಎರಡು ಸಲ ಹೊಗಳಿದ್ದರು.

ಸತ್ತ ನಾಟಕದ ಉತ್ತರಕ್ರಿಯೆಗೆ ಅದರ ಹತ್ತಿರದ ಬಂಧುವನ್ನು ಕರೆದೊಯ್ಯುವುದು ಸೌಜನ್ಯವೆನ್ನಿಸಿತು. ಒಂದು ಭಾನುವಾರ ಮ್ಯಾಟ್ನಿಗೆ ಅಜ್ಜನನ್ನು ಬಸ್ಸಿಗೆ ಹತ್ತಿಸಿಕೊಂಡು ಹೋದೆ. ಅವರು ಇಸ್ತ್ರಿ ಮಾಡಿಸಿದ ಕರೀ ಕೋಟು ಹಾಕಿದ್ದರು. ನಮ್ಮ ಮುಂದಿನ ಸಾಲಿನಲ್ಲೇ ಹೆಡ್ ಮೇಷ್ಟ್ರು ಸಂಸಾರ ಸಮೇತ ಕೂತಿದ್ದರು. ನಮಸ್ಕಾರ ಮಾಡಿದೆ. ಪಕ್ಕದವರನ್ನು ಪರಿಚಯಿಸಲಿಲ್ಲ.

ಸೊಸೆಯನ್ನು ಮನೆಯಿಂದ ಹೊರಗೆ ಕಳಿಸುವ ದೃಶ್ಯ ಬಂತು. ನಾಟಕದಲ್ಲಿ ಅವಳು ಹೊಸ್ತಿಲಲ್ಲಿ ನಿಂತು ಕಾಲು ಗಂಟೆ ಮಾತಾಡುತ್ತಿದ್ದಳು. ಸಿನಿಮಾದವಳು ಬಾಗಿಲ ಚೌಕಟ್ಟು ಹಿಡಿದು ಸುಮ್ಮನೆ ನಿಂತಳು. ಥಿಯೇಟರೂ ಸುಮ್ಮನಾಯಿತು. ನಾನು ಮೌನವನ್ನು ಸವಿಯುತ್ತಿರುವಾಗ ಪಕ್ಕದಿಂದ ಪಿಸುಮಾತು ಬಂತು: "ಈ ಹೊಸ್ತಿಲಲ್ಲಿ ಸೇರು ಒದ್ದು ಒಳಗೆ ಬಂದವಳು ನಾನು…"

ಅವಳು ಬಾಯಿ ಬಿಡಲಿಲ್ಲ. ಅಜ್ಜ ಮುಂದಕ್ಕೆ ಬಾಗಿದರು. ಮಾತು ಮರೆತ ಹೆಣ್ಣುಮಗಳನ್ನು ಅಷ್ಟು ಜನರೆದುರು ಹಾಗೇ ನಿಲ್ಲಿಸುವುದು ಅವರ ಮೂವತ್ತು ವರ್ಷದ ಅಭ್ಯಾಸಕ್ಕೆ ಒಗ್ಗಲಿಲ್ಲ. ಎರಡನೆಯ ಸಲ ದನಿ ಏರಿಸಿದರು. ಮೂರನೆಯ ಸಲ ಇಡೀ ಥಿಯೇಟರಿಗೆ ಕೇಳಿತು.

ಹಿಂದಿನಿಂದ ಯಾರೋ ಹೇಳಿದರು, "ಯಜ್ಜಾ, ಆಕಿಗೆ ಕಿವಿ ಕೇಳಲ್ಲ, ಪರದೆ ಹತ್ರ ಹೋಗಿ ಹೇಳು."

ನಗು ಎದ್ದಿತು. ಸಿಳ್ಳೆ ಬಿತ್ತು. ಗೇಟ್‌ಕೀಪರ್ ಬ್ಯಾಟರಿ ಹಿಡಿದು ಬಂದು ಬೆಳಕನ್ನು ಮೊದಲು ಅಜ್ಜನ ಮುಖಕ್ಕೆ, ಆಮೇಲೆ ನನ್ನ ಮುಖಕ್ಕೆ ಬಿಟ್ಟ. "ನಿಮ್ ಜೊತೆ ಬಂದೋರೇನ್ರಿ ಇವ್ರು?"

ಹೆಡ್ ಮೇಷ್ಟ್ರು ಹೊರಳಿ ನೋಡುತ್ತಿದ್ದರು. ತರಗತಿಯಲ್ಲಿ ಸತ್ಯದ ಬಗ್ಗೆ ಮುಕ್ಕಾಲು ಗಂಟೆ ನಿಲ್ಲದೆ ಮಾತಾಡುತ್ತಿದ್ದ ನನಗೆ ನಾಲಿಗೆ ಏಳಲಿಲ್ಲ. ಆಗ ನನ್ನ ಕಿವಿಗೆ ಮಾತ್ರ ಬೀಳುವಂತೆ, ಮುಂದಿನ ಸಾಲಿಗೆ ಖಂಡಿತ ಕೇಳದಂತೆ, ಪಿಸುಮಾತು ಬಂತು.

"ಇಲ್ಲ ಅನ್ರಿ ಮೇಷ್ಟ್ರೇ… ಗೊತ್ತಿಲ್ಲ ಅನ್ರಿ."

ನಾನು ಒಪ್ಪಿಸಿದೆ. ಒಂದಕ್ಷರವೂ ತಪ್ಪಲಿಲ್ಲ.

ಅಜ್ಜ ತಾವೇ ಎದ್ದು, ಕೋಟು ಸರಿಮಾಡಿಕೊಂಡು ಹೋದರು. ನಾನು ಕೊನೆಯವರೆಗೂ ಕೂತು ಸಿನಿಮಾ ನೋಡಿದೆ. ಹೊರಗೆ ಹೆಡ್ ಮೇಷ್ಟ್ರು, "ಎಂಥೆಂಥವರನ್ನೆಲ್ಲ ಒಳಗೆ ಬಿಡುತ್ತಾರೆ," ಎಂದರು. ಅದಕ್ಕೂ ತಲೆಯಾಡಿಸಿದೆ. ಬಸ್ ಸ್ಟ್ಯಾಂಡಿನಲ್ಲಿ ಅಜ್ಜ ಇರಲಿಲ್ಲ.

ಮರುದಿನ ಜಗಲಿಯಿಂದ ಅವರೇ ಕರೆದರು. ಕ್ಷಮೆ ಕೇಳಲು ಗಂಟಲು ಸರಿಪಡಿಸಿಕೊಳ್ಳುತ್ತಿದ್ದೆ. ಅವರಿಗೆ ಬೇಕಾಗಿದ್ದದ್ದು ಬೇರೆ. "ಆಮ್ಯಾಲೆ ಆಕಿ ಆ ಮಾತು ಹೇಳಿದ್ಲೇನ್ರಿ?"

ಹೇಳಿರಲಿಲ್ಲ. ಇಡೀ ಸಿನಿಮಾದಲ್ಲಿ ಆ ಮಾತೇ ಇರಲಿಲ್ಲ. "ಹೇಳಿದ್ಲು ಅಜ್ಜಾರೆ," ಎಂದೆ.

"ಹಂಗಾದ್ರೆ ಮರ್ತಿರಲಿಲ್ಲ ಬಿಡ್ರಿ. ನಂದೇ ಅವಸರ."

ನಾನು ಹೇಳಿದ್ದು ದಯೆಯಿಂದ ಆಡಿದ ಸುಳ್ಳೆಂದು ಬಹಳ ದಿನ ನಂಬಿಕೊಂಡಿದ್ದೆ. ನೌಕರಿ ಖಾಯಂ ಆಯಿತು, ಜಗಲಿಗೆ ಪೇಡೆಯನ್ನೂ ಕೊಟ್ಟುಬಂದೆ. ಕ್ಷಮೆ ಮಾತ್ರ ನಾಳೆ, ನಾಡಿದ್ದು ಎನ್ನುತ್ತಲೇ ಉಳಿಯಿತು…

ನಾಲ್ಕು ವರ್ಷದ ಮೇಲೆ ಅಜ್ಜ ತೀರಿಕೊಂಡರು. ಮನೆಯವರನ್ನು ಮಾತಾಡಿಸಲು ಹೋದಾಗ ಅವರ ಮಗಳು ಹೇಳಿದಳು: ಆ ಸಿನಿಮಾ ಆಮೇಲೆ ಹರಿಹರದ ಟೆಂಟಿಗೂ ಬಂದಿತ್ತಂತೆ, ಅಪ್ಪ ಒಬ್ಬರೇ ಹೋಗಿ ಪೂರ್ತಿ ನೋಡಿದ್ದರಂತೆ. "ಮನಿಗೆ ಬಂದು, ನಾ ಹೋಗಿದ್ದು ಮೇಷ್ಟ್ರಿಗೆ ಹೇಳಬ್ಯಾಡವ್ವಾ ಅಂದ್ರು," ಎಂದಳು.

ಈಗ ಆ ಥಿಯೇಟರಿಲ್ಲ, ಹೆಡ್ ಮೇಷ್ಟ್ರಿಲ್ಲ. ಅಜ್ಜನ ಆಗಿನ ವಯಸ್ಸನ್ನು ನಾನು ದಾಟಿ ಬಹಳ ಕಾಲವಾಯಿತು. ಹೌದು, ನಮ್ಮವರೇ, ನನ್ನ ಜೊತೆ ಬಂದವರು ಎಂಬ ಉತ್ತರ ಯಾರೂ ಎತ್ತಿಕೊಡದೆಯೇ ಬಾಯಿಗೆ ಬರುತ್ತದೆ. ಕೇಳುವವರು ಯಾರೂ ಇಲ್ಲ.